ಹಳೆಯ ದನಿಗೆ ಹೊಸ ಹಾಡು: ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮರಳಿ ಬಂದದ್ದು ಹೇಗೆ?

2023ರ ಡಿಸೆಂಬರ್‌ನಲ್ಲಿ ಬ್ರೆಂಡಾ ಲೀ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದಾಗ ಅವರಿಗೆ 78 ವರ್ಷ. ಆ ಪಟ್ಟಿಯ ತುದಿ ಮುಟ್ಟಿದ ಅತಿ ಹಿರಿಯ ಗಾಯಕಿ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಅವರು ಸಂಭ್ರಮಕ್ಕೆ ಅರ್ಹರೇ. ಆದರೆ ಜನ ಕೇಳುತ್ತಿದ್ದದ್ದು 78ರ ಪ್ರಾಯದ ದನಿಯನ್ನಲ್ಲ. 1958ರಲ್ಲಿ, 13 ವರ್ಷದ ಹುಡುಗಿಯಾಗಿದ್ದಾಗ ಆಕೆ ಹಾಡಿದ್ದ ಒಂದು ಕ್ರಿಸ್‌ಮಸ್ ಗೀತೆಯನ್ನು. ಅದಕ್ಕೂ ಬಹಳ ಮುನ್ನ ಆ ದಾಖಲೆ ಶೆರ್ ಹೆಸರಿನಲ್ಲಿತ್ತು. 1999ರಲ್ಲಿ ಶೆರ್‌ಗೆ 52 ವರ್ಷ. ಅದಕ್ಕೂ ಮೊದಲು ಟೀನಾ ಟರ್ನರ್, 1984ರಲ್ಲಿ, 44ನೇ ವಯಸ್ಸಿನಲ್ಲಿ. ಈ ಇಬ್ಬರೂ ಹಾಡಿದ್ದು ಹೊಸ ಹಾಡುಗಳನ್ನು, ಆಯಾ ವಯಸ್ಸಿನ ದನಿಯಲ್ಲಿ.

ಮೂರು ದಾಖಲೆಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡಿದರೆ ಸಂಗೀತದ ಮಾರುಕಟ್ಟೆ ಎತ್ತ ಹೊರಳಿದೆ ಎಂಬುದು ತಿಳಿಯುತ್ತದೆ. ಅಮೆರಿಕದಲ್ಲಿ ಇಂದು ಜನ ಕೇಳುವ ಸಂಗೀತದಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಹದಿನೆಂಟು ತಿಂಗಳಿಗಿಂತ ಹಳೆಯದು. ಹಳೆಯ ಧ್ವನಿಮುದ್ರಿಕೆಗೆ ಹೊಸದಾಗಿ ಖರ್ಚು ಮಾಡಬೇಕಿಲ್ಲ, ಕೇಳುಗರು ಸಿದ್ಧರಾಗಿಯೇ ಇರುತ್ತಾರೆ. ಹಾಗಾಗಿ ಹಿರಿಯ ಗಾಯಕರಿಗೆ ಕಂಪನಿಗಳು ಇಂದು ಕೊಡುವ ಗೌರವದ ಬಹುಪಾಲು ಅವರ ಹಳೆಯ ಟೇಪುಗಳಿಗೆ ಸಲ್ಲುತ್ತಿದೆ. 2021ರಲ್ಲಿ ಎಲ್ಟನ್ ಜಾನ್ ಮತ್ತು ದುವಾ ಲಿಪಾ ಸೇರಿ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಗೀತೆಯೂ ಎಲ್ಟನ್ ಅವರ ನಾಲ್ಕು ಹಳೆಯ ಹಾಡುಗಳ ತುಣುಕುಗಳನ್ನು ಜೋಡಿಸಿ ಮಾಡಿದ್ದು. ಜೋಡಣೆ ಚೆನ್ನಾಗಿದೆ, ಕೇಳಲು ಹಿತವಾಗಿದೆ. ಆದರೆ 74ರ ಗಾಯಕನಿಗೆ ಈಗ ಹೇಳಲು ಏನಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹಿರಿಯ ಗಾಯಕರೊಬ್ಬರ ಬಾಳು ನಿಜವಾಗಿ ಹೊಸತಾಗುವುದು ಹೆಸರಾಂತ ಗೀತರಚನೆಕಾರರು ಅವರ ಹತ್ತಿರ ಬಂದು, ಅವರ ಇಂದಿನ ದನಿಯ ಅಳತೆಗೆ ಹೊಸ ಹಾಡು ಹೊಲಿದು ಕೊಟ್ಟಾಗ ಮಾತ್ರ ಎಂಬುದು ನನ್ನ ವಾದ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ ಅರವತ್ತರ ದಶಕದ ಬ್ರಿಟಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮತ್ತು ಎಂಬತ್ತರ ದಶಕದ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್ ಅವರದು. ಇಂಥ ಹಾಡಿನ ದುಡ್ಡು ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಇದೆ. ಅದರ ಉತ್ತರ ನಮ್ಮ ನೆಲಕ್ಕೂ ಸಂಬಂಧಿಸಿದ್ದು.

ಹಾಡು ಬರೆಯದ ಗಾಯಕಿ

ಡಸ್ಟಿಯ ಮೂಲ ಹೆಸರು ಮೇರಿ ಓಬ್ರಿಯನ್. 1939ರ ಏಪ್ರಿಲ್ 16ರಂದು ಲಂಡನ್ನಿನಲ್ಲಿ ಐರಿಷ್ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದರು. ಅಣ್ಣನೊಂದಿಗೆ ಕಟ್ಟಿಕೊಂಡಿದ್ದ ಜಾನಪದ ಶೈಲಿಯ ತಂಡವನ್ನು ಬಿಟ್ಟು 1963ರ ನವೆಂಬರ್‌ನಲ್ಲಿ ಒಬ್ಬಂಟಿ ಗಾಯಕಿಯಾಗಿ ಮೊದಲ ಹಾಡು ಹೊರತಂದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. 1966ರಲ್ಲಿ ಇಟಾಲಿಯನ್ ಮೂಲದ ಒಂದು ಗೀತೆಯ ಇಂಗ್ಲಿಷ್ ರೂಪ ಅವರನ್ನು ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿಸಿತು. ಸ್ಟುಡಿಯೋದ ಒಳಗಿನ ಪ್ರತಿಧ್ವನಿ ಒಪ್ಪಿಗೆಯಾಗದೆ ಕಟ್ಟಡದ ಮೆಟ್ಟಿಲಸಾಲಿಗೆ ಮೈಕ್ ಒಯ್ದು ನಿಲ್ಲಿಸಿ, ಅಲ್ಲಿ ಹಾಡಿದ ಹಾಡದು. ಈ ಹಟ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ತಮ್ಮ ಹೆಸರನ್ನು ಗಟ್ಟಿಮಾಡಿದ ಹಾಡುಗಳನ್ನು ಡಸ್ಟಿ ಬರೆಯಲಿಲ್ಲ. ಅರವತ್ತರ ದಶಕದ ಅರ್ಧದವರೆಗೆ ಅದೇನೂ ಕೊರತೆಯಾಗಿರಲಿಲ್ಲ. ಒಬ್ಬರು ಬರೆಯುವುದು, ಒಬ್ಬರು ರಾಗ ಕೂಡಿಸುವುದು, ಮತ್ತೊಬ್ಬರು ಹಾಡುವುದು ಎಂಬ ಕೆಲಸದ ಹಂಚಿಕೆ ಅಲ್ಲೂ ಇತ್ತು, ನಮ್ಮ ಸಿನಿಮಾ ಸಂಗೀತದಲ್ಲಿ ಇವತ್ತಿಗೂ ಇರುವಂತೆ. ಬರ್ಟ್ ಬ್ಯಾಕರಾಕ್ ಮತ್ತು ಹಾಲ್ ಡೇವಿಡ್, ಕ್ಯಾರೊಲ್ ಕಿಂಗ್ ಮತ್ತು ಗೆರಿ ಗಾಫಿನ್ ಜೋಡಿಗಳ ಹಾಡುಗಳನ್ನು ಡಸ್ಟಿ ಹಾಡಿದಾಗ ಅವು ಅವರದ್ದೇ ಆಗಿಬಿಡುತ್ತಿದ್ದವು. ಬೀಟಲ್ಸ್ ಮತ್ತು ಬಾಬ್ ಡಿಲನ್ ಬಂದಮೇಲೆ ಗಾಳಿ ಬದಲಾಯಿತು. ತಾನೇ ಬರೆದು ತಾನೇ ಹಾಡುವವನೇ ನಿಜವಾದ ಕಲಾವಿದ ಎಂಬ ನಂಬಿಕೆ ಬೇರೂರಿತು. ಬರೀ ಹಾಡುವವರು ಒಂದು ಮೆಟ್ಟಿಲು ಕೆಳಗಿಳಿದರು. ಪಾಪ್ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು ಎಂದು ನಾನು ಭಾವಿಸುತ್ತೇನೆ. ಆ ಲೆಕ್ಕದಲ್ಲಿ ಪಿ.ಬಿ. ಶ್ರೀನಿವಾಸ್ ಕನ್ನಡದಲ್ಲಿ ಹಾಡಿದ್ದೆಲ್ಲ ಎರಡನೇ ದರ್ಜೆಯ ಕೆಲಸ ಎನ್ನಬೇಕಾಗುತ್ತದೆ. ಹಾಗೆಂದು ಯಾವ ಕನ್ನಡಿಗನೂ ಒಪ್ಪಲಾರ.

1968ರಲ್ಲಿ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್‌ಲರ್ ಡಸ್ಟಿಯನ್ನು ಅಮೆರಿಕದ ಮೆಂಫಿಸ್‌ಗೆ ಕರೆಸಿಕೊಂಡರು. ಅವರು ಆಮೇಲೆ ನೆನಪಿಸಿಕೊಂಡಂತೆ, ಮೊದಲ ಸುತ್ತಿನಲ್ಲಿ ಎಂಬತ್ತರಷ್ಟು ಹಾಡುಗಳನ್ನು ಕೇಳಿಸಿದರೂ ಡಸ್ಟಿ ಒಂದನ್ನೂ ಒಪ್ಪಲಿಲ್ಲ. ಕಪ್ಪು ಗಾಯಕರ ಮಹಾನ್ ದನಿಗಳು ಮೊಳಗಿದ್ದ ಸ್ಟುಡಿಯೋದಲ್ಲಿ ನಿಂತು ಹಾಡಲು ಅವರಿಗೆ ಅಳುಕು. ಕೊನೆಗೆ ವಾದ್ಯಗಳ ಮುದ್ರಣ ಮೆಂಫಿಸ್‌ನಲ್ಲಿ ಆಗಿ, ಅಂತಿಮ ಗಾಯನ ನ್ಯೂಯಾರ್ಕ್‌ನಲ್ಲಿ ನಡೆಯಿತು. 1969ರಲ್ಲಿ ಬಂದ ಆ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 99ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಅದೇ ಆಲ್ಬಮನ್ನು 2020ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿಸಿಕೊಂಡಿತು. ಗೌರವ ಬಂತು, ಅರ್ಧ ಶತಮಾನ ತಡವಾಗಿ.

ಆನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ತಮಗೆ ಗಂಡಸರ ಮೇಲಷ್ಟೇ ಅಲ್ಲ, ಹೆಂಗಸರ ಮೇಲೂ ಒಲವು ಮೂಡಬಹುದು ಎಂದು 1970ರಲ್ಲೇ ಲಂಡನ್ನಿನ ಪತ್ರಿಕೆಯೊಂದಕ್ಕೆ ಡಸ್ಟಿ ಹೇಳಿದ್ದರು. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದರು. ಮದ್ಯ, ಮಾದಕ ವಸ್ತು, ಖಿನ್ನತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಎರಡು ಆಲ್ಬಮ್, 1982ರಲ್ಲಿ ಒಂದು, 1985ರಲ್ಲಿ ಒಂದು ಬಿಡಿ ಹಾಡು, ಯಾವುದೂ ನಿಲ್ಲಲಿಲ್ಲ. ದನಿ ಕೆಟ್ಟಿರಲಿಲ್ಲ. ಆ ದನಿಯನ್ನು ಅರಿತು ಬರೆಯುವವರು ಬಳಿಯಲ್ಲಿರಲಿಲ್ಲ.

ಹುಡುಕಿಕೊಂಡು ಬಂದವರು

ನೀಲ್ ಟೆನೆಂಟ್ ಪಾಪ್ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು, ಕ್ರಿಸ್ ಲೋ ವಾಸ್ತುಶಿಲ್ಪ ಓದುತ್ತಿದ್ದವರು. 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡ್‌ನ ಎಲೆಕ್ಟ್ರಾನಿಕ್ ಅಂಗಡಿಯೊಂದರಲ್ಲಿ ಇಬ್ಬರಿಗೂ ಪರಿಚಯವಾಯಿತು. ಇಬ್ಬರೂ ಸೇರಿ ಕಟ್ಟಿದ್ದೇ ಪೆಟ್ ಶಾಪ್ ಬಾಯ್ಸ್. 1986ರ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಮೊದಲ ಸ್ಥಾನ ಪಡೆದ ಹಾಡು ಪೆಟ್ ಶಾಪ್ ಬಾಯ್ಸ್ ಬತ್ತಳಿಕೆಯಲ್ಲಿತ್ತು. ಅಮೆರಿಕದ ಗೀತರಚನೆಕಾರ್ತಿ ಆಲೀ ವಿಲಿಸ್ ಜೊತೆ ಸೇರಿ ಅವರು ಇನ್ನೊಂದು ಹಾಡು ಬರೆದಿದ್ದರು. ಅದು ಗಂಡು ಹೆಣ್ಣು ಎರಡು ದನಿಗಳ ಹಾಡು. ಹೆಣ್ಣಿನ ಭಾಗಕ್ಕೆ ಟೆನೆಂಟ್ ಮನಸ್ಸಿನಲ್ಲಿದ್ದದ್ದು ಒಂದೇ ಹೆಸರು, ಮೆಂಫಿಸ್ ಆಲ್ಬಮ್ಮಿನ ಆ ಗಾಯಕಿಯದು. ರೆಕಾರ್ಡ್ ಕಂಪನಿ ಇನ್ನೂ ಚಾಲ್ತಿಯಲ್ಲಿದ್ದ ಬೇರೆ ಹೆಸರುಗಳನ್ನು ಮುಂದಿಟ್ಟಿತು. ಮೊದಲ ಆಲ್ಬಮ್‌ಗೆ ಬರಬೇಕಿದ್ದ ಹಾಡು ಬರಲಿಲ್ಲ. ಅವರು ಕಾದರು. ಡಸ್ಟಿ ಒಪ್ಪುವವರೆಗೂ ಆ ಹಾಡನ್ನು ಬೇರೆ ಯಾರಿಗೂ ಕೊಡಲಿಲ್ಲ.

1987ರ ಆಗಸ್ಟ್‌ನಲ್ಲಿ ಹಾಡು ಹೊರಬಂತು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. ಮರುವರ್ಷದ ಆರಂಭದಲ್ಲಿ ಅಮೆರಿಕದಲ್ಲೂ ಎರಡನೇ ಸ್ಥಾನ. ಡಸ್ಟಿಯ ಇಡೀ ವೃತ್ತಿಜೀವನದಲ್ಲಿ ಆ ದೇಶದಲ್ಲಿ ಸಿಕ್ಕ ಅತಿ ಎತ್ತರದ ಸ್ಥಾನ ಅದೇ. ಆಗ ಅವರಿಗೆ 48.

ಹಾಡನ್ನು ಗಮನವಿಟ್ಟು ಕೇಳಿದರೆ ಈ ಗೆಲುವು ಕೇವಲ ಹೆಸರಿನ ಬಲದಿಂದ ಬಂದದ್ದಲ್ಲ ಎಂದು ತಿಳಿಯುತ್ತದೆ. ಚರಣಗಳನ್ನು ಟೆನೆಂಟ್ ಮಾತಿಗೂ ಹಾಡಿಗೂ ನಡುವಿನ ಒಂದು ಒಣ ಧಾಟಿಯಲ್ಲಿ ಒಪ್ಪಿಸುತ್ತಾರೆ. ಹಣ, ಸಂಬಂಧ, ಯಾರು ಯಾರನ್ನು ಕೊಂಡರು ಎಂಬ ಕಹಿ ಲೆಕ್ಕಾಚಾರ. ಕೆಳಗೆ ಯಂತ್ರದ ತಾಳ ಒಂದೇ ಸಮ ಓಡುತ್ತಿರುತ್ತದೆ. ಅಷ್ಟರಲ್ಲಿ ಡಸ್ಟಿ ಪ್ರವೇಶಿಸುತ್ತಾರೆ. ಮಟ್ಟು ಅಗಲವಾಗುತ್ತದೆ, ಸ್ವರಗಳು ಉದ್ದವಾಗುತ್ತವೆ, ಅದುವರೆಗೂ ವಾದದಂತಿದ್ದದ್ದು ಅಳಲಾಗುತ್ತದೆ. ಅವರ ದನಿಯ ಅಂಚಿನಲ್ಲಿ ಸಣ್ಣ ಉಸಿರಿದೆ, ಸ್ವಲ್ಪ ಒರಟುತನವಿದೆ. ಅರವತ್ತರ ದಶಕದ ಮುದ್ರಣಗಳಲ್ಲಿ ಅದು ಇರಲಿಲ್ಲ. ಅದನ್ನು ಯಾರೂ ಮುಚ್ಚಲು ಹೋಗಿಲ್ಲ. ತಣ್ಣಗಿನ ಯಂತ್ರಸಂಗೀತದ ನಡುವೆ ಆ ಒರಟೇ ಬೆಚ್ಚಗೆ ಕೇಳುತ್ತದೆ. ಇಪ್ಪತ್ತರ ಹುಡುಗಿಯೊಬ್ಬಳು ಇದೇ ಭಾಗವನ್ನು ಹಾಡಿದ್ದರೆ ಅದು ಪ್ರಣಯದ ದೂರು ಅಷ್ಟೇ ಆಗುತ್ತಿತ್ತು. ಡಸ್ಟಿ ಹಾಡಿದಾಗ ಅದು ಬದುಕಿನ ದೂರು.

ಪೆಟ್ ಶಾಪ್ ಬಾಯ್ಸ್ ಇದರಿಂದ ಪಡೆದದ್ದೇನು ಎಂಬುದನ್ನೂ ಹೇಳಲೇಬೇಕು. ಇಂಥ ಕಥೆಗಳನ್ನು ಬರೆಯುವವರು ಯಶಸ್ಸಿನಲ್ಲಿರುವ ಕಿರಿಯರು ಹಿರಿಯರಿಗೆ ಕೈಹಿಡಿದು ಉಪಕಾರ ಮಾಡಿದಂತೆ ಬರೆಯುತ್ತಾರೆ. ಅದು ಅರ್ಧ ಸತ್ಯ. ಟೆನೆಂಟ್ ಅವರ ದನಿಗೆ ತೆಳು ನಿರ್ಲಿಪ್ತತೆಯೊಂದು ಅಂಟಿಕೊಂಡಿದೆ. ಅವರ ಹಾಡುಗಳಲ್ಲಿ ಹುದುಗಿರುವ ನೋವು ಹೊರಬರಲು ಬೇರೊಂದು ಕಂಠ ಬೇಕಾಗಿತ್ತು. ಅವರು ಒಳ್ಳೆಯ ಗೀತರಚನೆಕಾರರು ಎಂದು ಲೋಕಕ್ಕೆ ಮನದಟ್ಟಾದದ್ದರಲ್ಲಿ ಡಸ್ಟಿಯ ಪಾಲು ದೊಡ್ಡದು. 1989ರಲ್ಲಿ ಲೈಝಾ ಮಿನೆಲ್ಲಿಗೆ ಇಡೀ ಆಲ್ಬಮ್ ಮಾಡಿಕೊಡುವ ಅವಕಾಶ, 2009ರಲ್ಲಿ ಶೆರ್ಲಿ ಬ್ಯಾಸಿಗೆ ಹಾಡು ಬರೆಯುವ ಅವಕಾಶ, ಎಲ್ಲವೂ ಈ ಹಾಡಿನ ಹಿಂದೆ ಬಂದವು.

1963ರ ಹಗರಣ, 1963ರ ಗಾಯಕಿ

ಇವರಿಬ್ಬರ ಒಡನಾಟದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಎಲ್ಲರಿಗೂ ಗೊತ್ತಿರುವ ಆ ಹಾಡಲ್ಲ. 1989ರ ಫೆಬ್ರವರಿ ಹೊತ್ತಿಗೆ ಬಂದ, ಬ್ರಿಟನ್ನಿನಲ್ಲಿ 16ನೇ ಸ್ಥಾನದವರೆಗಷ್ಟೇ ಏರಿದ ಇನ್ನೊಂದು. ಪ್ರೊಫ್ಯೂಮೊ ಹಗರಣವನ್ನು ಕುರಿತ ಚಲನಚಿತ್ರವೊಂದಕ್ಕೆ ಟೆನೆಂಟ್ ಮತ್ತು ಲೋ ಬರೆದದ್ದು.

ಹಗರಣದ ವಿವರ ಮರೆತವರಿಗೆ: ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ ಅವರಿಗೆ ಕ್ರಿಸ್ಟೀನ್ ಕೀಲರ್ ಎಂಬ ಯುವತಿಯ ಜೊತೆ ಸಂಬಂಧವಿತ್ತು. ಅದೇ ಯುವತಿಗೆ ಸೋವಿಯತ್ ದೂತಾವಾಸದ ಅಧಿಕಾರಿಯೊಬ್ಬನ ಪರಿಚಯವೂ ಇತ್ತು. ಸಚಿವರು ಸಂಸತ್ತಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದು 1963ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಇಬ್ಬರಿಗೂ ಪರಿಚಯ ಮಾಡಿಸಿದ್ದ ಸ್ಟೀಫನ್ ವಾರ್ಡ್ ಎಂಬ ವೈದ್ಯರ ಮೇಲೆ ಮೊಕದ್ದಮೆ ನಡೆಯಿತು. ವಿಚಾರಣೆಯ ಕೊನೆಯ ಘಟ್ಟದಲ್ಲಿ ಅವರು ಅತಿಯಾಗಿ ನಿದ್ರೆಮಾತ್ರೆ ನುಂಗಿ, ಆಗಸ್ಟ್ 3ರಂದು ತೀರಿಕೊಂಡರು. ದೊಡ್ಡವರ ತಪ್ಪಿಗೆ ಸಣ್ಣವನೊಬ್ಬ ಬಲಿಯಾದ ಎಂದು ಇಂದಿಗೂ ಅನೇಕರು ನಂಬುತ್ತಾರೆ.

ಇಂಥ ವಸ್ತುವನ್ನು ಟೆನೆಂಟ್ ಪತ್ರಿಕೆಯ ವರದಿಯಂತೆ ಬರೆದರು. ಹೆಸರುಗಳು, ನ್ಯಾಯಾಲಯ, ಬಾಗಿಲಲ್ಲಿ ಕಾದು ನಿಂತ ಸುದ್ದಿಗಾರರು, ಆ ವರ್ಷ ಜನಪ್ರಿಯವಾಗಿದ್ದ ಬೀಟಲ್ಸ್ ಹಾಡಿನ ಉಲ್ಲೇಖ. ತೀರ್ಪು ಕೊಡುವುದಿಲ್ಲ, ಕಣ್ಣೀರು ಸುರಿಸುವುದಿಲ್ಲ. ಅದನ್ನು ಡಸ್ಟಿಯ ಕೈಗಿಟ್ಟರು. ಅವರು ಒಬ್ಬಂಟಿ ಗಾಯಕಿಯಾಗಿ ಹೊರಬಂದದ್ದೂ ಅದೇ 1963ರಲ್ಲಿ. ಆ ವರ್ಷದ ಲಂಡನ್ನನ್ನು ಕಣ್ಣಾರೆ ಕಂಡವರು. ಪತ್ರಿಕೆಗಳು ಒಬ್ಬರ ಖಾಸಗಿ ಬದುಕನ್ನು ಹೇಗೆ ಸಿಪ್ಪೆ ಸುಲಿಯುತ್ತವೆ ಎಂಬುದನ್ನು ಆಮೇಲೆ ತಮ್ಮ ಬಾಳಿನಲ್ಲೇ ಉಂಡವರು. ಸಾಹಿತ್ಯದಲ್ಲಿ ಎಲ್ಲಿಯೂ ಡಸ್ಟಿಯ ಬಗ್ಗೆ ಒಂದು ಅಕ್ಷರವಿಲ್ಲ. ಆದರೂ ಅವರು ಹಾಡುವಾಗ ಸಾಕ್ಷಿಕಟ್ಟೆಯಲ್ಲಿ ನಿಂತವರೊಬ್ಬರು ಮಾತನಾಡಿದಂತೆ ಕೇಳುತ್ತದೆ.

ಗಾಯನವನ್ನು ಗಮನಿಸಿ. ಅರವತ್ತರ ದಶಕದಲ್ಲಿ ತಾರಸ್ಥಾಯಿಗೆ ಏರಿ ಗೋಡೆ ನಡುಗಿಸುತ್ತಿದ್ದ ಗಾಯಕಿ ಇಲ್ಲಿ ಒಮ್ಮೆಯೂ ಕೂಗುವುದಿಲ್ಲ. ದನಿ ಮಧ್ಯಮ ಸ್ಥಾಯಿಯಲ್ಲಿ, ಮಾತಿಗೆ ಹತ್ತಿರವಾಗಿ ಉಳಿಯುತ್ತದೆ. ಸುತ್ತ ಆಂಜೆಲೊ ಬಡಲಮೆಂಟಿ ಸಂಯೋಜಿಸಿದ ತಂತಿವಾದ್ಯಗಳು, ನಡುನಡುವೆ ಕೋರ್ಟ್ನಿ ಪೈನ್ ಅವರ ಸ್ಯಾಕ್ಸೊಫೋನ್. ಇಷ್ಟು ಸರಾಗವಾಗಿ ಕೇಳುವ ಗಾಯನದ ಹಿಂದಿನ ಶ್ರಮ ದೊಡ್ಡದು. ಆ ಕಾಲದಲ್ಲಿ ಡಸ್ಟಿ ಒಂದೇ ಉಸಿರಿಗೆ ಹಾಡಿ ಮುಗಿಸುತ್ತಿರಲಿಲ್ಲ; ಸಾಲು ಸಾಲಾಗಿ, ಕೆಲವೊಮ್ಮೆ ಪದ ಪದವಾಗಿ ಮುದ್ರಿಸಿಕೊಳ್ಳುತ್ತಿದ್ದರು. ತೃಪ್ತಿಯಾಗುವವರೆಗೂ ಮತ್ತೆ ಮತ್ತೆ. ಅದಕ್ಕೆ ಸಮಯ ಹಿಡಿಯುತ್ತದೆ, ಸ್ಟುಡಿಯೋ ಬಾಡಿಗೆ ಏರುತ್ತದೆ, ಪಕ್ಕದಲ್ಲಿ ಕೂತವರಿಗೆ ತಾಳ್ಮೆ ಬೇಕಾಗುತ್ತದೆ. ಹೆಸರಾಂತ ಗೀತರಚನೆಕಾರರು ಜೊತೆಗಿದ್ದದ್ದರ ನಿಜವಾದ ಬೆಲೆ ಇಲ್ಲಿದೆ. ಅವರ ಯಶಸ್ಸಿನ ನೆರಳಿನಲ್ಲಿ ಡಸ್ಟಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಬೇರೆ ಯಾವ ನಿರ್ಮಾಪಕನೂ 1989ರಲ್ಲಿ ಅಷ್ಟು ಸಮಯ ಕೊಡುತ್ತಿರಲಿಲ್ಲ.

ಅದೇ ವರ್ಷದ ಕೊನೆಗೆ ಇನ್ನೊಂದು ಹಾಡು 14ನೇ ಸ್ಥಾನಕ್ಕೆ ಬಂತು. 1990ರಲ್ಲಿ ಆಲ್ಬಮ್ ಬಂದು ಬ್ರಿಟನ್ನಿನಲ್ಲಿ 18ನೇ ಸ್ಥಾನ ಪಡೆಯಿತು. ಅದರ ಒಂದು ಬದಿ ಪೆಟ್ ಶಾಪ್ ಬಾಯ್ಸ್ ಅವರದು, ಇನ್ನೊಂದು ಬದಿ ಬೇರೆ ಬೇರೆ ನಿರ್ಮಾಪಕರದು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ನನಗೆ ಅನ್ನಿಸುವುದಿಷ್ಟು: ಒಂದು ಬದಿಯಲ್ಲಿ ಡಸ್ಟಿ ಹಾಡುತ್ತಿದ್ದಾರೆ, ಇನ್ನೊಂದರಲ್ಲಿ ಆ ಕಾಲದ ಯಾವ ಗಾಯಕಿಯೂ ಹಾಡಬಹುದಾಗಿದ್ದ ಹಾಡುಗಳನ್ನು ಡಸ್ಟಿ ಹಾಡುತ್ತಿದ್ದಾರೆ.

1995ರಲ್ಲಿ ಕೊನೆಯ ಆಲ್ಬಮ್. ಆ ಹೊತ್ತಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗಿತ್ತು. 1999ರ ಮಾರ್ಚ್ 2ರಂದು ಡಸ್ಟಿ ತೀರಿಕೊಂಡರು. ಅದೇ ತಿಂಗಳು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಮರಳಿ ಬಂದ ಮೇಲೆ ಅವರಿಗೆ ಸಿಕ್ಕದ್ದು ಹನ್ನೆರಡು ವರ್ಷವೂ ಇಲ್ಲ.

ಟೀನಾಗೆ ಸಿಕ್ಕ ಹಾಡು

ಟೀನಾ ಟರ್ನರ್ ಕಥೆ ಹೆಚ್ಚು ಪ್ರಸಿದ್ಧ, ಹಾಗಾಗಿ ಒಂದೆರಡು ಅಂಶ ಸಾಕು. ಹೊಡೆಯುತ್ತಿದ್ದ ಗಂಡನಿಂದ 1978ರಲ್ಲಿ ವಿಚ್ಛೇದನ ಪಡೆದಾಗ ಅವರು ಉಳಿಸಿಕೊಂಡದ್ದು ಬಹುಮಟ್ಟಿಗೆ ರಂಗನಾಮವನ್ನಷ್ಟೇ. 1984ರ ಆಲ್ಬಮ್‌ಗೆ ಮಾರ್ಕ್ ನಾಫ್ಲರ್ ಒಂದು ಹಾಡು ಕೊಟ್ಟರು. ತಮ್ಮ ತಂಡಕ್ಕೆಂದೇ ಬರೆದು, ಗಂಡಸು ಹಾಡಿದರೆ ಹೊಂದುವುದಿಲ್ಲ ಎಂದು ಪಕ್ಕಕ್ಕಿಟ್ಟಿದ್ದ ಹಾಡು. ಟೆರ್ರಿ ಬ್ರಿಟನ್ ಮತ್ತು ಗ್ರಹಾಂ ಲೈಲ್ ಬರೆದ ಇನ್ನೊಂದು ಗೀತೆ ಬೇರೆ ಗಾಯಕರ ಬಾಗಿಲು ಸುತ್ತಿ ಬಂದದ್ದು. ಟೀನಾಗೆ ಅದು ಮೊದಲು ಹಿಡಿಸಲೇ ಇಲ್ಲ. ಟೆರ್ರಿ ಬ್ರಿಟನ್ ಅದರ ಮಟ್ಟನ್ನು ಅವರ ಒರಟು ಕಂಠಕ್ಕೆ ಒಗ್ಗುವಂತೆ ಬದಲಿಸಿದರು. ಪ್ರೇಮವನ್ನು ಅನುಮಾನದಿಂದ ನೋಡುವ ಆ ಸಾಹಿತ್ಯ, 44ರ ಟೀನಾ ಬಾಯಲ್ಲಿ ಅನುಭವದ ಮಾತಾಯಿತು. ಹಾಡು ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. 1985ರ ಗ್ರ್ಯಾಮಿಯಲ್ಲಿ ವರ್ಷದ ಧ್ವನಿಮುದ್ರಣ ಪ್ರಶಸ್ತಿಯೂ ವರ್ಷದ ಗೀತೆ ಪ್ರಶಸ್ತಿಯೂ ಅದಕ್ಕೇ ಬಂದವು. ಈ ಎರಡನೆಯದು ಗಾಯಕಿಗಲ್ಲ, ಬರೆದವರಿಗೆ ಸಲ್ಲುವ ಪ್ರಶಸ್ತಿ.

ಹಣ ಯಾರ ಕೈಗೆ?

ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ಅಲ್ಲಿನ ಎಫ್‌ಎಂ, ಎಎಂ ರೇಡಿಯೋಗಳು ಹಾಡು ಪ್ರಸಾರ ಮಾಡಿದಾಗ ಗೀತೆ ಬರೆದವರಿಗೂ ಪ್ರಕಾಶಕರಿಗೂ ರಾಯಧನ ಕೊಡಬೇಕು. ಹಾಡಿದವರಿಗೆ ಒಂದು ಕಾಸನ್ನೂ ಕೊಡಬೇಕಿಲ್ಲ. ಅರೀತಾ ಫ್ರಾಂಕ್ಲಿನ್ 1967ರಲ್ಲಿ ಹಾಡಿ ಜಗತ್ತನ್ನೇ ಅಲುಗಿಸಿದ ಗೀತೆಯನ್ನು ಬರೆದವರು ಓಟಿಸ್ ರೆಡಿಂಗ್. ಅಮೆರಿಕದ ರೇಡಿಯೋಗಳು ಆ ಮುದ್ರಣವನ್ನು ಲಕ್ಷಾಂತರ ಬಾರಿ ಹಾಕಿದರೂ ದುಡ್ಡು ಹೋದದ್ದು ರೆಡಿಂಗ್ ಕಡೆಗೆ. ಅರೀತಾಗೆ ಏನೂ ಬರಲಿಲ್ಲ. 1988ರಲ್ಲಿ ಡಸ್ಟಿಯ ದನಿ ಅಮೆರಿಕದ ರೇಡಿಯೋಗಳಲ್ಲಿ ವಾರಗಟ್ಟಲೆ ಮೊಳಗಿದಾಗಲೂ ಇದೇ ಲೆಕ್ಕ. ಟೆನೆಂಟ್, ಲೋ, ವಿಲಿಸ್ ಮೂವರ ಖಾತೆಗೆ ಪ್ರಸಾರದ ರಾಯಧನ ಬಂತು, ಡಸ್ಟಿಯ ಖಾತೆಗೆ ಶೂನ್ಯ. 1995ರ ಕಾನೂನು ಡಿಜಿಟಲ್ ರೇಡಿಯೋಗೆ ಮಾತ್ರ ಈ ಅನ್ಯಾಯವನ್ನು ಸರಿಪಡಿಸಿತು; ಅದರ ಹಣದಲ್ಲಿ ಶೇ 45 ಮುಖ್ಯ ಕಲಾವಿದರಿಗೆ, ಶೇ 5 ಹಿನ್ನೆಲೆಯವರಿಗೆ, ಉಳಿದರ್ಧ ಮುದ್ರಣದ ಮಾಲೀಕರಿಗೆ. ಮಾಮೂಲಿ ರೇಡಿಯೋಗೂ ಇದನ್ನು ವಿಸ್ತರಿಸುವ ಮಸೂದೆಗಳು ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿವೆ, ರೇಡಿಯೋ ಮಾಲೀಕರ ವಿರೋಧವೂ ಅಷ್ಟೇ ಬಲವಾಗಿದೆ.

ಸ್ಟ್ರೀಮಿಂಗ್ ಬಂದಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಅಲ್ಲಿ ಮುದ್ರಣದ ಮಾಲೀಕರಿಗೆ, ಎಂದರೆ ಕಂಪನಿಗೆ, ಸಿಂಹಪಾಲು. 2021ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಈ ಹಂಚಿಕೆಯನ್ನು ಬುಡದಿಂದಲೇ ಮತ್ತೆ ಕಟ್ಟಬೇಕು ಎಂದು ವರದಿ ಕೊಟ್ಟಿತು. ಆ ಲೆಕ್ಕದಲ್ಲಿ ಗೀತೆಯ ಕಡೆಗೆ ಹೋಗುವುದು ನೂರಕ್ಕೆ ಸುಮಾರು 15, ಮುದ್ರಣದ ಕಡೆಗೆ 55ರಷ್ಟು. ಗೀತೆಗೆ ಸಿಗುವ ಈ ಚಿಕ್ಕ ಪಾಲಿನಲ್ಲೂ ಹೆಸರುಳ್ಳ ಗಾಯಕರು ತಾವು ಬರೆಯದ ಹಾಡಿಗೂ ಬರಹದ ಪಾಲು ಕೇಳುವ ಚಾಳಿ ಬೆಳೆಯಿತು. 2021ರ ಮಾರ್ಚ್‌ನಲ್ಲಿ ಅಮೆರಿಕದ ಗೀತರಚನೆಕಾರರ ಗುಂಪೊಂದು ಬಹಿರಂಗ ಪತ್ರ ಬರೆದು, ಬರವಣಿಗೆಯಲ್ಲಿ ಕೈಯಾಡಿಸದ ಗಾಯಕರಿಗೆ ಇನ್ನು ಪಾಲು ಕೊಡುವುದಿಲ್ಲ ಎಂದು ಘೋಷಿಸಿತು. ನನ್ನ ಒಲವು ಈ ವಿಷಯದಲ್ಲಿ ಬರೆದವರ ಕಡೆಗೇ. ಆದರೆ ಪದ ಪದವಾಗಿ ಹಾಡು ಕಟ್ಟಿದ ಡಸ್ಟಿಯಂಥವರ ಕೊಡುಗೆಗೆ ಮುದ್ರಣದ ಹಕ್ಕಿನಲ್ಲಿ ನ್ಯಾಯವಾದ ಪಾಲು ಸಿಗಲೇಬೇಕು. ಒಬ್ಬರ ತಟ್ಟೆಯಿಂದ ಕಿತ್ತು ಇನ್ನೊಬ್ಬರಿಗೆ ಬಡಿಸಿದರೆ ಅದು ಪರಿಹಾರವಲ್ಲ.

ಕನ್ನಡಿಗರಿಗೆ ಈ ಜಗಳ ದೂರದ್ದೇನಲ್ಲ. 2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ, ತಮ್ಮ ರಚನೆಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದು ಎಂದು ಇಳಯರಾಜ ಕಡೆಯಿಂದ ವಕೀಲರ ನೋಟಿಸು ಹೋಯಿತು. ತಾನು ಹಾಡಿದ ಹಾಡು ತನ್ನದಲ್ಲವೇ ಎಂದು ಅಭಿಮಾನಿಗಳು ಕೇಳಿದರು. ಕಾನೂನು ಕೇಳುವ ಪ್ರಶ್ನೆ ಬೇರೆ: ರಚನೆ ಯಾರದು, ಹಕ್ಕು ಯಾರ ಹೆಸರಿನಲ್ಲಿದೆ? 2019ರಲ್ಲಿ ಇಬ್ಬರೂ ಮತ್ತೆ ಒಂದೇ ವೇದಿಕೆಗೆ ಬಂದರು ಎಂಬುದು ಸಮಾಧಾನದ ಸಂಗತಿ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಸಾಹಿತಿ ಮತ್ತು ಸಂಗೀತ ಸಂಯೋಜಕರಿಗೆ ಬಿಟ್ಟುಕೊಡಲಾಗದ ರಾಯಧನದ ಹಕ್ಕನ್ನು ಕೊಟ್ಟಿತು. ನಿರ್ಮಾಪಕರು ಏನೇ ಬರೆಸಿಕೊಂಡರೂ ಆ ಹಕ್ಕು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಡೆಗೆ ಹೋಗದು. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನ ಸಿಗಬೇಕೆಂದು ಅದೇ ತಿದ್ದುಪಡಿ ಹೇಳುತ್ತದೆ. 2013ರಲ್ಲಿ ಗಾಯಕರ ಸಂಘ ಹುಟ್ಟಿದ್ದು ಅದರ ಬೆನ್ನಿಗೇ. ಈ ಒಂದು ವಿಷಯದಲ್ಲಿ ನಮ್ಮ ಕಾಯ್ದೆಯ ಅಕ್ಷರ ಅಮೆರಿಕದ್ದಕ್ಕಿಂತ ಉದಾರವಾಗಿದೆ.

ವಯಸ್ಸಿನ ಗೋಡೆ

ಹಾಡು ಹೊಸತಾದರೂ ಅದು ಕಿವಿ ತಲುಪುವ ದಾರಿಯಲ್ಲಿ ಗೋಡೆಗಳಿವೆ. 2023ರ ಮೇ ತಿಂಗಳಲ್ಲಿ ಕೈಲಿ ಮಿನೋಗ್ 55ಕ್ಕೆ ಕಾಲಿಡುವ ಹೊತ್ತಿಗೆ ಅವರ ಹೊಸ ಹಾಡೊಂದು ಬಂತು. ಬರೆದವರು ಇನಾ ರೋಲ್ಡ್‌ಸೆನ್ ಮತ್ತು ಪೀಟರ್ ರೈಕ್ರಾಫ್ಟ್. ಬ್ರಿಟನ್ನಿನ ಯುವ ಕೇಳುಗರ ರೇಡಿಯೋಗಳು ಮೊದಲಿಗೆ ಅದನ್ನು ದೂರವೇ ಇಟ್ಟವು. ಗಾಯಕಿಯ ವಯಸ್ಸು ನೋಡಿ ಬಾಗಿಲು ಹಾಕಿದ್ದೀರಿ ಎಂದು ಟೀಕೆ ಎದ್ದಿತು. ಅಷ್ಟರಲ್ಲಿ ಹದಿಹರೆಯದವರೇ ಕಿರುವೀಡಿಯೋಗಳಲ್ಲಿ ಅದಕ್ಕೆ ಕುಣಿಯುತ್ತಿದ್ದರು. ಹಾಡು ಮೊದಲ ಹತ್ತರೊಳಗೆ ಬಂದಮೇಲೆ ರೇಡಿಯೋಗಳೂ ಹಿಂದೆ ಬಂದವು. 2024ರಲ್ಲಿ ಅದಕ್ಕೆ ಗ್ರ್ಯಾಮಿ ಸಿಕ್ಕಿತು. 2001ರಲ್ಲಿ ಇದೇ ಕೈಲಿಗೆ ಎರಡನೇ ಜನ್ಮ ಕೊಟ್ಟದ್ದೂ ಕ್ಯಾಥಿ ಡೆನಿಸ್ ಮತ್ತು ರಾಬ್ ಡೇವಿಸ್ ಬರೆದ ಹಾಡೇ. ಎರಡೂ ಸಲ ಒಂದೊಂದು ಹಾಡೇ ಅವರನ್ನು ಎತ್ತಿ ನಿಲ್ಲಿಸಿತು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. 2024ರಲ್ಲಿ ಬ್ರೆಂಡಾ ಲೀ ಅವರ ಅದೇ 1958ರ ಗೀತೆಯನ್ನು, ಅವರ ಒಪ್ಪಿಗೆ ಪಡೆದು, ಯಂತ್ರದ ನೆರವಿನಿಂದ ಸ್ಪ್ಯಾನಿಷ್ ಭಾಷೆಗೆ ತರಲಾಯಿತು. ದನಿ ಆ ಕಾಲದ್ದೇ. ಅದೇ ವರ್ಷ ರ‍್ಯಾಂಡಿ ಟ್ರಾವಿಸ್ ಎಂಬ ಕಂಟ್ರಿ ಗಾಯಕನ ವಿಷಯದಲ್ಲಿ ಬೇರೆಯದೇ ಪ್ರಯೋಗ ನಡೆಯಿತು. 2013ರ ಪಾರ್ಶ್ವವಾಯುವಿನಿಂದ ಹಾಡುವ ಶಕ್ತಿಯನ್ನೇ ಕಳೆದುಕೊಂಡಿದ್ದವರು. ದಶಕಗಳಿಂದ ಜೊತೆಗಿದ್ದ ನಿರ್ಮಾಪಕ ಕೈಲ್ ಲೇನಿಂಗ್, ಇನ್ನೊಬ್ಬ ಗಾಯಕನಿಂದ ಹಾಡಿಸಿ ಅದರ ಮೇಲೆ ಟ್ರಾವಿಸ್ ದನಿಯನ್ನು ಕೂರಿಸಿ ಹೊಸ ಹಾಡೊಂದನ್ನು ಹೊರತಂದರು. ಗಾಯಕ ಪಕ್ಕದಲ್ಲಿದ್ದರು, ಒಪ್ಪಿದ್ದರು, ಹಾಡು ಹೊಸದಾಗಿತ್ತು. ಹಾಗಾಗಿ ಇದಕ್ಕೆ ನನ್ನ ತಕರಾರಿಲ್ಲ. ನಮ್ಮ ದಕ್ಷಿಣದಲ್ಲಿ ತೀರಿಕೊಂಡ ಎಸ್‌ಪಿಬಿ ಅವರ ದನಿಯನ್ನು ತೆಲುಗು ಚಿತ್ರವೊಂದರಲ್ಲಿ ಅನುಮತಿಯಿಲ್ಲದೆ ಮರುಸೃಷ್ಟಿಸಿದ್ದಾರೆಂದು ಅವರ ಮಗ 2024ರಲ್ಲಿ ನೋಟಿಸು ಕೊಡಬೇಕಾಯಿತು. ಅದೇ ಹೊತ್ತಿಗೆ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ತಮಿಳು ಹಾಡೊಂದಕ್ಕೆ ಬಳಸಿದರು. ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು. ಒಪ್ಪಿಗೆ ಇದ್ದಾಗಲೂ ನನ್ನ ಮನಸ್ಸನ್ನು ಕೊರೆಯುವ ಸಂಗತಿಯೊಂದಿದೆ. ಯಂತ್ರಕ್ಕೆ ಬೇಕಾದದ್ದು ಗಾಯಕರ ಏರುಜವ್ವನದ ದನಿ. ಡಸ್ಟಿಯ ಅಂಚಿನಲ್ಲಿದ್ದ ಆ ಒರಟನ್ನು ಯಂತ್ರದಿಂದ ಕೇಳುವವರು ಯಾರು?

ಬದುಕಿರುವ ಹಿರಿಯರಿಗೆ ಹೊಸ ಹಾಡು ಕೊಟ್ಟ ನಿದರ್ಶನ ಭಾರತದಲ್ಲೂ ಇವೆ. 1995ರಲ್ಲಿ ರೆಹಮಾನ್ ಅವರು ಅರವತ್ತು ದಾಟಿದ್ದ ಆಶಾ ಭೋಸ್ಲೆ ಅವರಿಂದ ಹಾಡಿಸಿದ ಹಾಡುಗಳು ಒಂದು ತಲೆಮಾರಿಗೇ ಆಶಾ ಅವರನ್ನು ಮತ್ತೆ ಪರಿಚಯಿಸಿದವು. 2011ರಲ್ಲಿ ವಿಶಾಲ್ ಭಾರದ್ವಾಜ್ ಮತ್ತು ಗುಲ್ಜಾರ್ ಮಾಡಿದ ಹಾಡೊಂದಕ್ಕೆ ಉಷಾ ಉತ್ತುಪ್ ಅವರಿಗೆ ರೇಖಾ ಭಾರದ್ವಾಜ್ ಜೊತೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ಉಷಾ ಅರವತ್ತು ದಾಟಿದ್ದರು. ರಷ್ಯಾದ ಜನಪದ ಶೈಲಿಯ ಮಟ್ಟಿನ ಮೇಲೆ ಕಟ್ಟಿದ ಆ ಹಾಡಿಗೆ ಅವರ ದಪ್ಪ, ಕೆಳಸ್ಥಾಯಿಯ ದನಿಯೇ ಬೇಕಿತ್ತು. ಎಸ್. ಜಾನಕಿಯವರು 2017ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ತಮ್ಮ ವಿದಾಯದ ಕಾರ್ಯಕ್ರಮ ನಡೆಸಿದಾಗ ಜನ ಕಿಕ್ಕಿರಿದು ಬಂದರು. ನಿಲ್ಲಿಸುವುದು ಅವರದೇ ತೀರ್ಮಾನ, ಅದನ್ನು ಗೌರವಿಸಬೇಕು. ಆದರೆ ನಮ್ಮ ಹಿರಿಯ ಗಾಯಕರಲ್ಲಿ ನಿಲ್ಲಿಸಲು ಇಷ್ಟವಿಲ್ಲದವರೂ ಇದ್ದಾರೆ. ಅವರಿಗೆ ಸನ್ಮಾನದ ಸಭೆಗಳು ಸಿಗುತ್ತವೆ, ಟಿವಿ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕುರ್ಚಿ ಸಿಗುತ್ತದೆ, ಅಲ್ಲಿ ಹಳೆಯ ಹಾಡಿನ ಪಲ್ಲವಿ ಹಾಡಿಸುತ್ತಾರೆ. ಕನ್ನಡದ ಇಂದಿನ ಸಂಗೀತ ನಿರ್ದೇಶಕರೂ ಗೀತರಚನೆಕಾರರೂ ಅವರ ಮನೆಗೆ ಹೋಗಿ, ಈಗ ಯಾವ ಶ್ರುತಿ ಹಿತವಾಗುತ್ತದೆ ಎಂದು ಕೇಳಿ, ಆ ಶ್ರುತಿಯಿಂದಲೇ ಟ್ಯೂನ್ ಶುರುಮಾಡಬಹುದು. ಕರಾರಿನಲ್ಲಿ ಮುದ್ರಣದ ಪಾಲನ್ನೂ ಬರೆದುಕೊಡಬಹುದು. ಅದಕ್ಕೆ ಬೇಕಾದ ಕಾಯ್ದೆ 2012ರಿಂದ ಜಾರಿಯಲ್ಲಿದೆ.